ಸುಬೇದಾರರ ಮನೆಯ ಕೋವಿ

ಕೊಡಗಿನ ಸುಬೇದಾರ್ ಬೆಳ್ಯಪ್ಪನವರು ತೀರಿಕೊಂಡ ಬೆಳಿಗ್ಗೆ, ಅವರ ಎದೆಯ ಮೇಲಿಟ್ಟ ಶೌರ್ಯಪದಕ ಗೋಡೆಯಲ್ಲಿದ್ದ ಕೋವಿಯನ್ನು ಹಂಗಿಸಿತು: "ಕೋವಿಯಣ್ಣ, ಯಜಮಾನರ ಧೈರ್ಯಕ್ಕೆ ಸಾಕ್ಷಿ ನಾನೊಬ್ಬನೇ. ನೀನು ಮನೆಯಲ್ಲಿ ಗೊರಕೆ ಹೊಡೆದವನು!"

"ಹೌದಪ್ಪ," ಎಂದಿತು ಕೋವಿ. "ಆದರೆ ಗಂಡು ಹುಟ್ಟಿದರಷ್ಟೇ ಗುಂಡು ಹಾರಿಸುವ ಪದ್ಧತಿ ನಮ್ಮದು. ಮಗಳು ದೇಚಮ್ಮ ಹುಟ್ಟಿದಾಗ, ಹಿರಿಯರೆಲ್ಲ ಬೇಡವೆಂದರೂ ಯಜಮಾನರು ನನ್ನನ್ನೆತ್ತಿ ಹಾರಿಸಿದರು. ಶತ್ರುವಿನೆದುರು ಅವರ ಬೆನ್ನಿಗೆ ಪಲ್ಟನ್ನೇ ಇತ್ತು. ಅಂದು ಅಂಗಳದಲ್ಲಿ ಅವರೊಬ್ಬರೇ."



ಸಾವನ್ನು ಊರಿಗೆ ಸಾರಲು ಜೋಡಿ ಗುಂಡು ಹಾರಿಸಬೇಕಿತ್ತು. ಗಂಡಸರು ಕೈಚಾಚುವ ಮೊದಲೇ ದೇಚಮ್ಮ ಕೋವಿಯನ್ನು ಇಳಿಸಿಕೊಂಡು ಅಂಗಳಕ್ಕೆ ನಡೆದಳು. ಈ ಸಲ ಯಾರೂ ಬೇಡವೆನ್ನಲಿಲ್ಲ. ಗುಂಡಿನ ಸದ್ದಿಗೆ ಪದಕ ನಡುಗಿತು.

"ಈ ಧೈರ್ಯವನ್ನು ನಾನೂ ಕಂಡೆ, ಅಣ್ಣ," ಎಂದಿತು. "ಇದು ಯಜಮಾನರದ್ದೇ."