ಮಲಗುವ ಪಾಳಿ

"ಗುರುಗಳೇ, ಜೊತೆಯಲ್ಲಿ ದುಡಿಯುವವನು ನಂಬಿಕೆಗೆ ತಕ್ಕವನೋ ಅಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಯಾರ ಮೇಲಪ್ಪಾ ಅನುಮಾನ?" ಎಂದರು.

"ಹೆಸರು ಹೇಳುವುದಿಲ್ಲ. ಅಡುಗೆಮನೆಯಲ್ಲಿ ನನ್ನ ಜೊತೆಗಿರುವವನು. ಅವನು ಆರಿಸಿದ ಅಕ್ಕಿಯನ್ನು ನಾನು ಮತ್ತೆ ಆರಿಸುತ್ತೇನೆ. ಅವನು ತೊಳೆದಿಟ್ಟ ಪಾತ್ರೆಯನ್ನು ಮತ್ತೆ ಎತ್ತಿ ನೋಡುತ್ತೇನೆ. ಇದುವರೆಗೆ ಏನೂ ಸಿಕ್ಕಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಅವನನ್ನು ಬೇರೆ ಕೆಲಸಕ್ಕೆ ಹಾಕಿದರೆ ಒಳ್ಳೆಯದು."

"ಅಡುಗೆಮನೆಯಲ್ಲಿ ಇರುವವರೇ ಇಬ್ಬರು. ಹೆಸರು ಹೇಳುವುದಿಲ್ಲವಂತೆ!" ಗುರುಗಳು ನಕ್ಕರು. ಮೊರವನ್ನು ಅವನ ಕಡೆಗೆ ಸರಿಸಿದರು. "ಕೂತುಕೋ. ನೀನೂ ನಾಲ್ಕು ಸುಲಿ. ಒಂದು ಲಾರಿಯ ಕತೆ ಹೇಳುತ್ತೇನೆ."

ಹೀಗೆಂದು ಶುರು ಮಾಡಿದರು.

ಪಾಲಯ್ಯ ಎಂಬ ಒಬ್ಬ ಲಾರಿ ಡ್ರೈವರ್ ಇದ್ದ. ಇಪ್ಪತ್ತಮೂರು ವರ್ಷ ಸ್ಟೇರಿಂಗ್ ಹಿಡಿದವನು. ಅಷ್ಟೂ ವರ್ಷದಲ್ಲಿ ಅವನ ಗಾಡಿ ಒಂದು ನಾಯಿಮರಿಗೂ ತಾಗಿರಲಿಲ್ಲ. ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಓದು ಬರಹವೂ ಅಷ್ಟಕ್ಕಷ್ಟೇ. ಅವನಿಗಿದ್ದದ್ದು ಇದೊಂದೇ ಹೆಸರು. ಪಾಲಯ್ಯ ಓಡಿಸುತ್ತಾನೆ ಎಂದರೆ ಕಾಯಿ ಮಂಡಿಯವರು ಲೋಡಿನ ಬಗ್ಗೆ ಇನ್ನೊಂದು ಮಾತು ಕೇಳುತ್ತಿರಲಿಲ್ಲ.

ಅವನ ಮಾಲೀಕ ಕಟ್ಟುನಿಟ್ಟಿನವನು. ತಿಪಟೂರಿನಿಂದ ತೆಂಗಿನಕಾಯಿ ತುಂಬಿಕೊಂಡು ದೆಹಲಿಗೆ ಹೋಗುವ ಪ್ರತಿ ಗಾಡಿಗೂ ಇಬ್ಬರು ಡ್ರೈವರ್‌ಗಳನ್ನು ಹಾಕುತ್ತಿದ್ದ. ನಿಯಮಗಳನ್ನು ಅಚ್ಚು ಹಾಕಿಸಿ ಕ್ಯಾಬಿನ್ನಿನ ಬಾಗಿಲ ಒಳಗಡೆ ಅಂಟಿಸಿದ್ದ. ಒಬ್ಬ ನಾಲ್ಕು ಗಂಟೆ ಓಡಿಸಿದ ಮೇಲೆ ಇಳಿಯಬೇಕು, ಇನ್ನೊಬ್ಬ ಹತ್ತಬೇಕು. ಓಡಿಸುವವನಿಗೆ ಮಂಪರು ಬಂದರೆ ಗಾಡಿ ನಿಲ್ಲಿಸಬೇಕು, ತಡವಾಯಿತೆಂದು ಯಾರೂ ಬೈಯುವಂತಿಲ್ಲ. ಓಡಿಸದವನು ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಲೇಬೇಕು. ಯಾರ ಪಾಳಿಯಲ್ಲಿ ಗಾಡಿ ಬೀಳುತ್ತದೋ ಅವನು ಮತ್ತೆ ಆ ಮಾಲೀಕನ ಗಾಡಿ ಹತ್ತುವಂತಿಲ್ಲ.

"ನಿದ್ದೆ ಮಾಡೋಕೂ ರೂಲ್ಸಾ? ಇನ್ನು ಜೋಗುಳ ಹಾಡೋಕೆ ಒಬ್ಬನ್ನ ಇಟ್ಬಿಡಿ ಸಾಹುಕಾರ್ರೇ" ಎಂದು ಪಾಲಯ್ಯ ತಮಾಷೆ ಮಾಡುತ್ತಿದ್ದ. ಆದರೂ ಪಾಲಿಸುತ್ತಿದ್ದ. ಅವನ ಹಳೆಯ ಜೊತೆಗಾರ ಹದಿನಾಲ್ಕು ವರ್ಷ ಜೊತೆಗಿದ್ದವನು. ಅವನು ಓಡಿಸುವಾಗ ಇವನು ಮಲಗುತ್ತಿದ್ದ, ಇವನು ಓಡಿಸುವಾಗ ಅವನು ಮಲಗುತ್ತಿದ್ದ. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

ಒಂದು ವರ್ಷ ಆ ಜೊತೆಗಾರನಿಗೆ ಕಣ್ಣು ಮಂಜಾಯಿತು. ಅವನು ಕೆಲಸ ಬಿಟ್ಟ. ಮಾಲೀಕ ತಿಪ್ಪೇಶಿ ಎಂಬ ಹೊಸಬನನ್ನು ಹಾಕಿದ. ಮೂವತ್ತೈದರ ಆಸುಪಾಸಿನವನು. ಮಾತು ಕಡಿಮೆ. ಏನಾದರೂ ಕೇಳಿದರೆ "ಹೂಂ ಅಣ್ಣಾ" ಅನ್ನುವನು, ಕೇಳದಿದ್ದರೆ ಅದೂ ಇಲ್ಲ. ಮಾತಾಡದವನ ಮನಸ್ಸಿನಲ್ಲಿ ಏನಿದೆಯೋ ಎಂದು ಪಾಲಯ್ಯನಿಗೆ ಮೊದಲ ದಿನದಿಂದಲೇ ಕಸಿವಿಸಿ.

ಮೊದಲ ಪಾಳಿ ಪಾಲಯ್ಯನದು. ನಾಲ್ಕು ಗಂಟೆಯಾದ ಮೇಲೆ ಒಂದು ಡಾಬಾದ ಮುಂದೆ ಇಳಿದ. ತಿಪ್ಪೇಶಿ ಹತ್ತಿ ಸೀಟು ಮುಂದಕ್ಕೆ ಎಳೆದುಕೊಂಡ, ಕನ್ನಡಿ ತಿರುಗಿಸಿಕೊಂಡ. ನನ್ನ ಕನ್ನಡಿ ಮುಟ್ಟಿದನಲ್ಲ ಎಂದು ಪಾಲಯ್ಯನ ಹೊಟ್ಟೆ ಉರಿಯಿತು. ಹಿಂದೆ ಹೋಗಿ ಪರದೆ ಎಳೆದುಕೊಂಡು ಮಲಗಿದ.

ಎರಡು ಗಂಟೆ ಕಳೆದಿರಬಹುದು. ಗಾಡಿ ನಿಂತಿತು. ಪಾಲಯ್ಯ ಪರದೆಯ ಸಂದಿಯಿಂದ ಇಣುಕಿದ. ತಿಪ್ಪೇಶಿ ಕೆಳಗಿಳಿದು ಮುಖಕ್ಕೆ ನೀರು ಎರಚಿಕೊಂಡ. ಗಾಡಿಯನ್ನು ಒಂದು ಸುತ್ತು ಸುತ್ತಿದ, ಒಂದೊಂದು ಟೈರಿಗೂ ಬಡಿದು ನೋಡಿದ. ಮತ್ತೆ ಹತ್ತಿ ಜೇಬಿನಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡು ಗಾಡಿ ಎತ್ತಿದ.

ಪಾಲಯ್ಯ ಹಾಸಿಗೆಯಲ್ಲಿ ಎದ್ದು ಕೂತ. ನಿದ್ದೆ ಬಾರದವನು ಮುಖ ಯಾಕೆ ತೊಳೆಯುತ್ತಾನೆ? ಬಾಯಿಗೆ ಹಾಕಿಕೊಂಡದ್ದು ಏನು? ಎಚ್ಚರವಾಗಿರಲು ಮಾತ್ರೆ ನುಂಗುವ ಡ್ರೈವರ್‌ಗಳನ್ನು ಅವನು ಕಂಡಿದ್ದ. ಮಾತ್ರೆಯ ಜೋರು ಇಳಿದಾಗ ಅವರು ಕೂತಲ್ಲೇ ಕುಸಿಯುವುದನ್ನೂ ಕಂಡಿದ್ದ. ನನ್ನ ಇಪ್ಪತ್ತಮೂರು ವರ್ಷದ ಹೆಸರು ಇವನ ಕೈಗೆ ಸಿಕ್ಕಿತಲ್ಲಪ್ಪಾ ಎಂದುಕೊಂಡ. ಹೆಸರು ಹಾಗಿರಲಿ, ಜೀವ? ಅಂದಿನಿಂದ ತಿಪ್ಪೇಶಿಯ ಪಾಳಿಯಲ್ಲಿ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಪರದೆಯ ಸಂದಿ, ಸಂದಿಯ ಆಚೆ ಕನ್ನಡಿ, ಕನ್ನಡಿಯಲ್ಲಿ ತಿಪ್ಪೇಶಿಯ ಕಣ್ಣು. ಅದು ಪಿಳುಕಿದರೆ ಇವನು ಬೆಚ್ಚುವನು. ಪಿಳುಕದಿದ್ದರೆ, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುತ್ತಿದ್ದಾನೇನೋ ಎಂದು ಇನ್ನೂ ಬೆಚ್ಚುವನು. ಒಂದು ಸಲ ಪರೀಕ್ಷೆಗೆಂದು ಜೋರಾಗಿ ಕೆಮ್ಮಿದ.

"ಅಣ್ಣಾ, ನಿದ್ದೆ ಬರ್ತಿಲ್ವಾ? ಗಾಡಿ ಎತ್ತಾಕ್ತಾ ಇದೆಯಾ? ನಿಧಾನಕ್ಕೆ ಓಡಿಸ್ಲಾ?" ಎಂದು ತಿಪ್ಪೇಶಿ ಕೇಳಿದ.

ಪಾಲಯ್ಯ ಗೊರಕೆ ಹೊಡೆದ. ಎಚ್ಚರವಾಗಿದ್ದುಕೊಂಡು ಗೊರಕೆ ಹೊಡೆಯುವುದು ಎಂಥ ಕಷ್ಟ ಗೊತ್ತೇ? ಒಮ್ಮೆ ಹೊಡೆದು ನೋಡು. ಅವನು ಇಡೀ ಪಾಳಿ ಹೊಡೆದ.

ಮರುದಿನ ಬೆಳಿಗ್ಗೆ ತಿಪ್ಪೇಶಿ ಡಾಬಾದ ತೊಟ್ಟಿಯ ಹತ್ತಿರ ಸ್ನಾನಕ್ಕೆ ಹೋದ. ಪಾಲಯ್ಯ ಅವನ ಚೀಲ ಬಿಚ್ಚಿದ. ಒಳಗೆ ಎರಡು ಅಂಗಿ, ಒಂದು ಟವಲ್ಲು, ಚಿಕ್ಕ ಹುಡುಗಿಯ ಒಂಟಿ ಚಪ್ಪಲಿ. ದೆಹಲಿಯಿಂದ ಅದೇ ಅಳತೆಯ ಹೊಸ ಜೋಡಿ ತರಲೆಂದು ಮಗಳು ಕೊಟ್ಟು ಕಳಿಸಿದ್ದಳು. ತಳದಲ್ಲಿ ಒಂದು ಪೊಟ್ಟಣ. ಸಿಕ್ಕಿತು ಎಂದು ಬಿಚ್ಚಿ ನೋಡಿದರೆ ಲವಂಗ.

ಇಲ್ಲಿಗೆ ಅನುಮಾನ ತೀರಬೇಕಿತ್ತು ತಾನೇ? ಎಲ್ಲಿಯ ಮಾತು! ಲವಂಗ ಮೇಲಿನ ತೋರಿಕೆಗೆ, ಮಾತ್ರೆಯನ್ನು ಮೈಮೇಲೆಯೇ ಇಟ್ಟುಕೊಂಡಿದ್ದಾನೆ ಎಂದು ಪಾಲಯ್ಯ ತೀರ್ಮಾನಿಸಿದ. ಚೀಲವನ್ನು ಮೊದಲಿದ್ದ ಹಾಗೆಯೇ ಕಟ್ಟಿಟ್ಟ.

ಇನ್ನೊಂದು ವಿಚಾರವೂ ಅವನನ್ನು ಕೊರೆಯುತ್ತಿತ್ತು. ತಿಪ್ಪೇಶಿ ತನ್ನ ಪಾಳಿ ಮುಗಿಸಿ ಹಿಂದೆ ಹೋಗಿ ಬಿದ್ದನೆಂದರೆ ಐದು ನಿಮಿಷಕ್ಕೆ ಗಾಢ ನಿದ್ದೆ. ಹಳ್ಳ ಬರಲಿ, ದಿಣ್ಣೆ ಬರಲಿ, ಹಾರನ್ ಬಾರಿಸಲಿ, ಅಲುಗಾಡುತ್ತಿರಲಿಲ್ಲ. ಇಷ್ಟು ನಿದ್ದೆ ಮೈಯಲ್ಲಿ ತುಂಬಿಕೊಂಡವನು ಓಡಿಸುವಾಗ ಬಿಡುತ್ತಾನೆಯೇ ಎಂದು ಪಾಲಯ್ಯ ಹಲ್ಲು ಕಡಿದ. ಅವನ ನಿದ್ದೆ ಕಂಡು ಹೊಟ್ಟೆಕಿಚ್ಚೂ ಆಯಿತು. ಹೌದಪ್ಪಾ, ನಿದ್ದೆಗೂ ಹೊಟ್ಟೆಕಿಚ್ಚು ಪಡುತ್ತಾರೆ.

ಮೂರನೆಯ ದಿನ ನಾಗಪುರ ಹಿಂದೆ ಬಿದ್ದಿತ್ತು. ಮಧ್ಯಾಹ್ನ ಊಟ ಮಾಡಿ ಪಾಲಯ್ಯ ಸ್ಟೇರಿಂಗ್ ಹಿಡಿದ. ತಿಪ್ಪೇಶಿ ಹಿಂದೆ ಮಲಗಿದ. ರಸ್ತೆ ನೇರವಾಗಿತ್ತು, ಬಿಸಿಲು ಜೋರಾಗಿತ್ತು. ಅರ್ಧ ಗಂಟೆಗೆ ಪಾಲಯ್ಯನ ರೆಪ್ಪೆ ಎಳೆಯತೊಡಗಿತು.

ಅವನಿಗೆ ಗೊತ್ತಾಗಲಿಲ್ಲ ಎನ್ನಬೇಡ. ಚೆನ್ನಾಗಿ ಗೊತ್ತಾಯಿತು. ಗಾಡಿ ನಿಲ್ಲಿಸಿ ಮುಖ ತೊಳೆಯೋಣ ಎನ್ನಿಸಿತು. ಆದರೆ ಮುಖ ತೊಳೆಯುವವನು ನಿದ್ದೆಗೆ ಸೋತವನು ಎಂದು ಮೂರು ದಿನದಿಂದ ತೀರ್ಪು ಕೊಟ್ಟವನು ಅವನೇ. ಈಗ ತಾನೇ ಇಳಿದು ತೊಳೆದರೆ ಹೇಗೆ? ಇವನು ಎದ್ದು ನೋಡಿಬಿಟ್ಟರೆ? ಇವನನ್ನೇ ಎಬ್ಬಿಸಿ, ಸ್ವಲ್ಪ ಹೊತ್ತು ನೀನು ಓಡಿಸು ಎನ್ನೋಣ ಎಂದರೆ, ಒಂದು ನಿಮಿಷವೂ ಹೆಚ್ಚಿಗೆ ಇವನ ಕೈಗೆ ಗಾಡಿ ಕೊಡಲು ಮನಸ್ಸಿಲ್ಲ. ಆಯಿತು, ಮುಂದಿನ ಡಾಬಾದವರೆಗೆ ಹೋಗೋಣ ಎಂದುಕೊಂಡ.

ಡಾಬಾ ಬರಲಿಲ್ಲ, ಮೋರಿ ಬಂತು. ಗಾಡಿ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಗುದ್ದಿ ಹೊಲದ ಕಡೆಗೆ ಮಗುಚಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ತೆಂಗಿನಕಾಯಿ ಹೊಲದ ತುಂಬ ಉರುಳಿದವು. ಪಾಲಯ್ಯನಿಗೆ ಮೊಣಕೈ ತರಚಿತು. ನಿದ್ದೆಯಲ್ಲಿದ್ದ ತಿಪ್ಪೇಶಿ ಹಾಸಿಗೆಯಿಂದ ಹಾರಿಬಿದ್ದು ಹೆಗಲ ಮೂಳೆ ಮುರಿದುಕೊಂಡ.

ಒಡೆದ ಗಾಜಿನ ಕಡೆಯಿಂದ ಹೇಗೋ ಇಬ್ಬರೂ ಹೊರಬಂದರು. ತಿಪ್ಪೇಶಿ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಹೆಗಲು ಹಿಡಿದುಕೊಂಡು, ಪಾಲಯ್ಯನ ಮುಖವನ್ನೇ ನೋಡಿದ.

"ಅಣ್ಣಾ, ನಿಮಗೇನಾಯ್ತು? ಎದೆನೋವು ಬಂತಾ?" ಎಂದು ಗಾಬರಿಯಿಂದ ಕೇಳಿದ.

ನೋಡು, ಅಲ್ಲೂ ಪಾಲಯ್ಯನ ಬುದ್ಧಿ ಎಲ್ಲಿಗೆ ಓಡಿತು! ಇವನು ಬಾಯಿ ಬಿಡಿಸುತ್ತಿದ್ದಾನೆ, ನಾಳೆ ಮಾಲೀಕನ ಹತ್ತಿರ ಹೋಗಿ ಹೇಳುತ್ತಾನೆ ಎಂದುಕೊಂಡ. ಇವನು ಹೇಳುವುದಕ್ಕಿಂತ ಮುಂಚೆ ನಾನೇ ಹೇಳಬೇಕು ಎಂದು ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ.

ಹತ್ತು ದಿನದ ಮೇಲೆ ಇಬ್ಬರೂ ಮಾಲೀಕನ ಆಫೀಸಿನಲ್ಲಿ ನಿಂತರು. ತಿಪ್ಪೇಶಿಯ ಕೈಯನ್ನು ಕುತ್ತಿಗೆಗೆ ಬಟ್ಟೆಯಲ್ಲಿ ಕಟ್ಟಿದ್ದರು. ಮಾಲೀಕ ಬಾಯಿ ತೆರೆಯುವ ಮೊದಲೇ ಪಾಲಯ್ಯ ಶುರು ಮಾಡಿದ.

"ಸಾಹುಕಾರ್ರೇ, ಓಡಿಸ್ತಾ ಇದ್ದೋನು ನಾನೇ, ಇಲ್ಲ ಅನ್ನಲ್ಲ. ಆದ್ರೆ ಇವನ ದೆಸೆಯಿಂದ ಮೂರು ದಿನ ಕಣ್ಣು ಮುಚ್ಚಿಲ್ಲ ನಾನು. ಎರಡು ಗಂಟೆಗೊಂದ್ಸಲ ಗಾಡಿ ನಿಲ್ಲಿಸ್ತಾನೆ, ಮುಖ ತೊಳೀತಾನೆ, ಬಾಯಿಗೇನೋ ಹಾಕ್ಕೋತಾನೆ. ಇಂಥೋನ್ನ ನಂಬಿ ಹೆಂಗೆ ಮಲಗೋದು ಹೇಳಿ?"

ಮಾಲೀಕ ಕೋಪ ಮಾಡಿಕೊಳ್ಳಲಿಲ್ಲ. ತಿಪ್ಪೇಶಿಯ ಕಡೆಗೆ ತಿರುಗಿ, "ನೀನೇನಂತೀಯಪ್ಪಾ?" ಎಂದ.

ಈಗ ಹೇಳುತ್ತಾನೆ ಎಂದು ಪಾಲಯ್ಯ ಮುಷ್ಟಿ ಬಿಗಿಹಿಡಿದ.

"ನನಗೇನೂ ಗೊತ್ತಿಲ್ಲ ಸಾಹುಕಾರ್ರೇ, ನಾನು ಮಲಗಿದ್ದೆ" ಎಂದ ತಿಪ್ಪೇಶಿ.

"ಗಾಡಿ ರಸ್ತೆ ಬಿಟ್ಟು ಇಳಿದದ್ದೂ ಗೊತ್ತಾಗದಷ್ಟು ನಿದ್ದೆನಾ?"

"ಅಣ್ಣ ಓಡಿಸ್ತಾ ಇದ್ರಲ್ಲ."

ಅಷ್ಟೇ ಅವನು ಹೇಳಿದ್ದು. ಪಾಲಯ್ಯ ಅವನ ಮುಖ ನೋಡಿದ. ಚುಚ್ಚಿ ಆಡಿದ ಮಾತೇ ಇದು? ಕಣ್ಣಿನಲ್ಲಿ ಹುಡುಕಿದ, ತುಟಿಯ ಕೊನೆಯಲ್ಲಿ ಹುಡುಕಿದ. ಏನೂ ಸಿಗಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿ ಅವನು ಸುಮ್ಮನೆ ನಿಂತಿದ್ದ. ಪಾಲಯ್ಯನಿಗೆ ಎಂಥ ನಾಚಿಕೆಯಾಯಿತೆಂದರೆ, ಜೋಡಿಸಿಟ್ಟುಕೊಂಡಿದ್ದ ಉಳಿದ ಮಾತನ್ನೆಲ್ಲ ಬಿಟ್ಟುಬಿಟ್ಟ. ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ತಮ್ಮಾ ಎನ್ನಬೇಕೆಂದುಕೊಂಡ. ಅದೂ ಬಾಯಿಗೆ ಬರಲಿಲ್ಲ.

ಮಾಲೀಕ ನಿಯಮದಂತೆ ಪಾಲಯ್ಯನನ್ನು ಗಾಡಿಯಿಂದ ಇಳಿಸಿದ. ಹೆಗಲು ಕೂಡಿಕೊಂಡ ಮೇಲೆ ತಿಪ್ಪೇಶಿ ಬೇರೊಬ್ಬ ಜೊತೆಗಾರನೊಂದಿಗೆ ಅದೇ ದಾರಿಗೆ ಹೋದ. ಪಾಲಯ್ಯ ಈಗ ಕಾಯಿ ಮಂಡಿಯಲ್ಲಿ ಬೇರೆಯವರ ಲೋಡಿಗೆ ಹಗ್ಗ ಬಿಗಿಯುತ್ತಾನೆ. ಗಾಡಿಗಳು ಹೊರಡುವಾಗ ಆಚೆ ಮುಖ ಮಾಡಿ ನಿಲ್ಲುತ್ತಾನೆ.

ಗುರುಗಳು ಕತೆ ನಿಲ್ಲಿಸಿ ಮೊರದಲ್ಲಿದ್ದ ಸಿಪ್ಪೆಯನ್ನು ಕೆಳಗೆ ಕೊಡವಿದರು.

ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ. "ಪಾಲಯ್ಯನ ಗ್ರಹಚಾರ ಗುರುಗಳೇ, ಜೊತೆಗಾರ ಒಳ್ಳೆಯವನಾಗಿಬಿಟ್ಟ. ಅವನ ಅನುಮಾನ ಸುಳ್ಳಾಯಿತು, ಅಷ್ಟೇ. ಎಲ್ಲರ ಅನುಮಾನವೂ ಸುಳ್ಳಾಗಬೇಕೆಂದೇನಿದೆ?" ಎಂದ.

"ಸುಳ್ಳೆಲ್ಲಿ ಆಯಿತಯ್ಯಾ? ಆ ಲಾರಿಯಲ್ಲಿ ನಂಬಬಾರದವನು ಒಬ್ಬ ಇದ್ದದ್ದು ನಿಜವೇ" ಎಂದರು ಗುರುಗಳು.

ಶಿಷ್ಯ ಸುಲಿದ ಕಾಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದ.