ಹನ್ನೆರಡು ಬೋಲ್ಟು

ಉತ್ತಯ್ಯನವರ ಆಶ್ರಮವೆಂದರೆ ವಾಯುಪಡೆಯ ಒಂದು ಹ್ಯಾಂಗರು. ಯುದ್ಧವಿಮಾನ ಬಿಚ್ಚಿ ಕೂಡಿಸುವ ವಿದ್ಯೆಯನ್ನು ಅಲ್ಲಿ ಮೂವತ್ತು ವರ್ಷದಿಂದ ಕಲಿಸುತ್ತಿದ್ದವರು ಅವರು.

ಈಗಿನ ಶಿಷ್ಯ ಗದಗ ಕಡೆಯ ಫಕೀರಪ್ಪ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅವತ್ತು ಮಾತ್ರ ಆ ಬಾಯಿಗೆ ಬೀಗ ಬಿದ್ದಿತ್ತು.

ಬೆಳಿಗ್ಗೆ ಮೇಜಿನ ಮೇಲೆ ಎರಡು ತಟ್ಟೆ ಇದ್ದವು, ಎರಡರಲ್ಲೂ ಆರಾರು ಬೋಲ್ಟು. ಒಂದರ ಚೀಟಿಯಲ್ಲಿ 'ಇನ್ನೂರು ತಾಸು ಹಾರಿದ್ದು' ಎಂದಿತ್ತು. ಇನ್ನೊಂದರಲ್ಲಿ 'ಎರಡು ಸಾವಿರ ತಾಸು, ಬಿಸಾಡುವುದು'.

ಫ್ಯಾನಿನ ಗಾಳಿಗೆ ಎರಡೂ ಚೀಟಿ ನೆಲಕ್ಕೆ ಬಿದ್ದವು. ಒರೆಸಿಟ್ಟ ಬೋಲ್ಟುಗಳೋ, ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಎಡಗಡೆಯದೇ ಇನ್ನೂರು ತಾಸಿನದು ಎಂದು ಫಕೀರಪ್ಪ ಅಂದಾಜಿನ ಮೇಲೆ ಚೀಟಿ ಇಟ್ಟ. ಆ ಆರನ್ನು ವಿಮಾನದ ಬಾಲಕ್ಕೆ ಹಾಕಿ ಬಿಗಿದು, ದಾಖಲೆ ಪುಸ್ತಕದಲ್ಲಿ ಸಹಿ ಮಾಡಿದ.

ವಿಮಾನ ನಾಲ್ಕು ಗಂಟೆಗೆ ಹಾರಬೇಕಿತ್ತು.

ಮಧ್ಯಾಹ್ನ ಫಕೀರಪ್ಪ ಊಟಕ್ಕೆ ಹೋಗಲಿಲ್ಲ. ಮೂರು ಸಲ ಬಾಲದ ಹತ್ತಿರ ಹೋದ, ಮೂರು ಸಲವೂ ಸುಮ್ಮನೆ ವಾಪಸು ಬಂದ. ಹೇಳಿದರೆ ಇನ್ನು ವಿಮಾನ ಮುಟ್ಟಗೊಡುವುದಿಲ್ಲ. ಹೇಳದಿದ್ದರೆ ಏನಾಗಬಹುದು ಎಂದು ಯೋಚಿಸಲಿಕ್ಕೇ ಭಯವಾಯಿತು.

ಮೂರೂವರೆಗೆ ತಡೆಯಲಾರದೆ, ಸುತ್ತುಬಳಸಿ ಗುರುಗಳನ್ನು ಕೇಳಿದ.

"ಸರ್, ಬೋಲ್ಟ್ ನೋಡಾಕ ಗಟ್ಟಿ ಐತಿ, ಅಳತಿ ಸರಿ ಐತಿ. ಮತ್ತ ಅದು ಎಷ್ಟು ತಾಸು ಹಾರೇತಿ ಅನ್ನೋದು ಯಾಕ ಬೇಕ್ರಿ?"

ಉತ್ತಯ್ಯ ಕಾಫಿ ಲೋಟ ಕೆಳಗಿಟ್ಟರು. ಒಂದು ತಂತಿ ತುಂಡು ಎತ್ತಿಕೊಂಡು ಬಗ್ಗಿಸಿದರು, ನೆಟ್ಟಗೆ ಮಾಡಿದರು. ಮತ್ತೆ ಬಗ್ಗಿಸಿದರು, ಮತ್ತೆ ನೆಟ್ಟಗೆ ಮಾಡಿದರು. ಹೀಗೇ ಹತ್ತಾರು ಸಲ. ಆಮೇಲೆ ಅವನ ಕೈಗೆ ಕೊಟ್ಟರು.

"ಹೇಗಿದೆ?"

"ಚೊಲೋ ಐತ್ರಿ."

"ಇನ್ನೊಂದು ಸಲ ಬಗ್ಗಿಸು."

ಬಗ್ಗಿಸಿದ. ತಂತಿ ಪಟ್ಟನೆ ಮುರಿಯಿತು.

ಹೊರಗೆ ಪೈಲಟ್ ಹೆಲ್ಮೆಟ್ ಹಿಡಿದು, ಏನೋ ಹಾಡು ಗುನುಗುತ್ತ ವಿಮಾನದ ಕಡೆ ನಡೆಯುತ್ತಿದ್ದ. ಫಕೀರಪ್ಪ ಮುರಿದ ತಂತಿಯನ್ನು ಮೇಜಿನ ಮೇಲಿಟ್ಟ.

"ಸರ್, ಹಾರಿಸಬ್ಯಾಡ್ರಿ," ಅಂದವನೇ ಒಂದೂ ಬಿಡದೆ ಹೇಳಿಬಿಟ್ಟ.

ಉತ್ತಯ್ಯ ಬೈಯಲಿಲ್ಲ. ಹೋಗಿ ಪೈಲಟನ್ನು ತಡೆದು ಬಂದರು. ಬಾಲದ ಆರೂ ಬೋಲ್ಟು ಬಿಚ್ಚಿಸಿ, ತಟ್ಟೆಯಲ್ಲಿದ್ದ ಆರರ ಜೊತೆ ಮೇಜಿನ ಮೇಲೆ ಸುರಿದು, ಶಿಷ್ಯನ ಕೈಗೆ ಗರಗಸ ಕೊಟ್ಟರು.

"ಎಲ್ಲಾ ಕೊಯ್ಯಿ. ಮತ್ತೆ ಯಾರೂ ಹಾಕಬಾರದು."

"ಇದರಾಗ ಆರು ಚೊಲೋವು ಅದಾವ್ರಿ, ಸರ್."

"ಯಾವುದು ಅಂತ ತೋರಿಸು, ಬಿಡೋಣ."

ಫಕೀರಪ್ಪ ಕೊಯ್ಯತೊಡಗಿದ. ವಿಮಾನದ ಬೋಲ್ಟುಗಳು ಅಷ್ಟು ಸುಲಭಕ್ಕೆ ತುಂಡಾಗುವ ಜಾತಿಯವಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದವು. ಅಷ್ಟರಲ್ಲಿ ಉತ್ತಯ್ಯ ವಿಮಾನದ ದಾಖಲೆ ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದರು, ಅವನ ಹೆಸರು ಸಮೇತ.

ಹನ್ನೆರಡನೆಯದು ತುಂಡಾದ ಮೇಲೆ ಫಕೀರಪ್ಪ ತನ್ನ ಸಾಮಾನಿನ ಪೆಟ್ಟಿಗೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಕಣ್ಣು ತುಂಬಿತ್ತು.

"ಇನ್ನ ನನ್ನ ಯಾರು ನಂಬ್ತಾರ್ರಿ?"

ಉತ್ತಯ್ಯ ಕೀಲಿಯನ್ನು ಅವನ ಕಡೆಗೇ ತಳ್ಳಿದರು.

"ನೀನು ಬಿಗಿದ ಒಂದೊಂದು ಬೋಲ್ಟನ್ನೂ ಇಷ್ಟು ದಿನ ನಾನು ಮತ್ತೆ ಮುಟ್ಟಿ ನೋಡ್ತಿದ್ದೆ. ತಪ್ಪು ಮಾಡಿದರೆ ಹೇಳ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ಅಗೋ, ಎರಡನೇ ವಿಮಾನ ಕಾಯ್ತಾ ನಿಂತಿದೆ. ಇವತ್ತು ನೀನೊಬ್ಬನೇ ಹೋಗಿ ಬಿಗಿದು ಬಾ."