ಹುಣಸೆಹಣ್ಣು ತಿಂದ ಡಾಲರು

ಕೆಂಚನಕೋಟೆಯ ದೊರೆ ಮಲ್ಲಪ್ಪನಾಯಕರಿಗೆ ಒಂದು ಹುಚ್ಚಿತ್ತು. ಬೇರೆ ದೊರೆಗಳು ಆನೆ ಸಾಕುತ್ತಿದ್ದರು, ಕುದುರೆ ಸಾಕುತ್ತಿದ್ದರು. ಇವರು ಅಮೆರಿಕದ ಹಳೇ ಬೆಳ್ಳಿ ಡಾಲರು ಸಾಕುತ್ತಿದ್ದರು. ಸಾಕುವುದು ಅಂದರೆ ಸಾಕುವುದೇ ಸ್ವಾಮಿ! ಮಖಮಲ್ಲಿನ ಹಾಸಿಗೆ, ಗಾಜಿನ ಪೆಟ್ಟಿಗೆ, ದಿನಾ ಬೆಳಿಗ್ಗೆ ಎದ್ದು ಕ್ಷೇಮಸಮಾಚಾರ.

ದೀಪಾವಳಿಗೆ ಮುಂಬಯಿಯಿಂದ ನಾಣ್ಯಪರೀಕ್ಷಕ ದಾಮೋದರ ಶೇಠರು ಬಂದಿದ್ದರು. ದೊರೆಗಳು ಒಂದು ಕರೀ ಬಿಲ್ಲೆಯನ್ನು ಅಂಗೈಲಿಟ್ಟು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

"1889ನೇ ಇಸವಿ, ಕಾರ್ಸನ್ ಸಿಟಿ ಟಂಕಸಾಲೆ! ಈ ಕಡೆ ಹೆಂಗಸಿನ ಮುಖ, ಆ ಕಡೆ ಹದ್ದು. 1918ರ ಯುದ್ಧದ ಕಾಲದಲ್ಲಿ ಅಮೆರಿಕದವರು ಕೋಟಿಗಟ್ಟಲೆ ಡಾಲರು ಕುಲುಮೆಗೆ ಹಾಕಿ, ಆ ಬೆಳ್ಳೀನ ನಮ್ಮ ರೂಪಾಯಿ ಅಚ್ಚು ಹಾಕೋಕೆ ಅಂತ ಹಡಗು ಹತ್ತಿಸಿದರಲ್ಲ? ಆ ಬೆಂಕಿಯಿಂದ ಪಾರಾಗಿ ಬಂದ ಧೀರ ಇದು!"

ಬೆಂಕಿಯಿಂದೇನೋ ಪಾರಾಗಿತ್ತು. ತಿಮ್ಮವ್ವನ ಹುಣಸೆಹಣ್ಣಿನಿಂದ ಪಾರಾಗಲಿಲ್ಲ.

ತಿಮ್ಮವ್ವ ಅರಮನೆಯ ಹಿರೀ ಜೀವ. ದೇವರ ಬೆಳ್ಳಿ ಬೆಳಗುವುದು ಅವಳ ಕೆಲಸ. ಅಮಾವಾಸ್ಯೆ ಬೆಳಿಗ್ಗೆ ನೋಡುತ್ತಾಳೆ, ದೊರೆಗಳು ರಾತ್ರಿ ಮೇಜಿನ ಮೇಲೆ ಮರೆತುಬಿಟ್ಟ ಮಸಿ ಹಿಡಿದ ಬೆಳ್ಳಿ! ಸಂಜೆ ಲಕ್ಷ್ಮೀಪೂಜೆ. ಲಕ್ಷ್ಮಿಯ ಮುಂದೆ ಕರೀ ಬೆಳ್ಳಿ ಇಡುತ್ತಾರೆಯೇ? ಹುಣಸೆಹಣ್ಣು ತಂದಳು, ಒಲೆಯ ಬೂದಿ ತಂದಳು, ತಿಕ್ಕಿದಳು ನೋಡಿ, ಹದ್ದಿನ ಪುಕ್ಕವೇ ಉದುರಬೇಕು!

ಆಸ್ಥಾನದ ಹಾಸ್ಯಗಾರ ಹುಚ್ಚೂರಾಯ ಒಳಗೆ ಬರುವ ಹೊತ್ತಿಗೆ ದೊರೆಗಳು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಡಾಲರು ಮಾತ್ರ ಫಳಫಳ ನಗುತ್ತಿತ್ತು.

"ಹೋಯ್ತು!" ಅಂದರು ಶೇಠರು. "ಹಳೇ ನಾಣ್ಯದ ಮೇಲೆ ತಾನಾಗಿ ಕೂತ ಮಾಸಲು ಬಣ್ಣ ಇದೆಯಲ್ಲ, ಅದೇ ಅದರ ಬೆಲೆ. ಒಂದು ಸಲ ಉಜ್ಜಿದರೆ ಯಾವ ಸಂಗ್ರಾಹಕನೂ ಮೂಸಿ ನೋಡೋದಿಲ್ಲ."

"ತಿಮ್ಮವ್ವಾ!" ದೊರೆಗಳು ಗುಡುಗಿದರು. "ಸೂರ್ಯ ಮುಳುಗೋದರೊಳಗೆ ಆ ಕಪ್ಪನ್ನ ವಾಪಸು ತಂದು ಹಚ್ಚು. ಆಗಲ್ವಾ? ಗಂಟುಮೂಟೆ ಕಟ್ಟು!"

ಮುದುಕಿಗೆ ಆ ಅರಮನೆ ಬಿಟ್ಟರೆ ಗತಿಯಿಲ್ಲ. "ಹೊಳೀಲಿ ಅಂತ ತಿಕ್ಕಿದೆ ಕಣಪ್ಪಾ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಸಿದು ಬಂದಾಗಲೆಲ್ಲ ಹುಚ್ಚೂರಾಯನಿಗೆ ರೊಟ್ಟಿ ಹಾಕಿದ ಕೈ ಅದು. ಆದರೆ ಮುಖ ಗಂಟು ಹಾಕಿಕೊಂಡು ಮುಂದೆ ಬಂದ.

"ಪ್ರಭೂ, ಇವಳನ್ನ ಸುಮ್ಮನೆ ಬಿಡಬಾರದು. ತಮಗೆ ಗೊತ್ತಾಗಿರೋದು ಇದೊಂದೇ. ಇದಕ್ಕಿಂತ ಅಪರೂಪದ ಇನ್ನೊಂದನ್ನೂ ಉಜ್ಜಿ ಉಜ್ಜಿ ಹಾಳು ಮಾಡಿದ್ದಾಳೆ!"

"ಹುಚ್ಚೂ, ನೀನೂನಾ!" ಅಂದಳು ತಿಮ್ಮವ್ವ. ಅವನು ಆ ಕಡೆ ತಿರುಗಲಿಲ್ಲ.

ದೊರೆಗಳು ಸಿಂಹಾಸನದ ತುದಿಗೆ ಬಂದರು. "ಇನ್ನೊಂದಾ? ನನ್ನ ಅರಮನೆಯಲ್ಲಾ? ಎಷ್ಟು ಹಳೇದು?"

"ನಲವತ್ತಾರು ವರ್ಷ, ಪ್ರಭೂ."

"ಯಾವ ಟಂಕಸಾಲೆ?"

"ಇಲ್ಲೇ, ಈ ಅರಮನೆಯಲ್ಲೇ ತಯಾರಾದದ್ದು. ಒಂದೇ ಒಂದು. ಆಮೇಲೆ ಅಚ್ಚೇ ಒಡೆದುಹೋಯಿತು ಅನ್ನುತ್ತಾರೆ."

"ಒಂದೇ!" ಶೇಠರ ಕನ್ನಡಕ ಮೂಗಿನ ತುದಿಗೆ ಜಾರಿತು. "ಮುಖ ಉಂಟೋ?"

"ಉಂಟು ಶೇಠರೇ. ಮೂಗಂತೂ ಥೇಟ್ ಹದ್ದಿನದೇ."

"ಹೇಗೆ ಉಜ್ಜಿದಳು?"

"ಅಯ್ಯೋ, ಕೇಳಬೇಡಿ! ಮೊದಲು ಎಣ್ಣೆ ಮೆತ್ತುತ್ತಿದ್ದಳು. ಆಮೇಲೆ ಸುಡುಸುಡು ನೀರು. ಆಮೇಲೆ ಸೀಗೆಪುಡಿ, ಕಡಲೆಹಿಟ್ಟು. ವರ್ಷಗಟ್ಟಲೆ ವಾರ ತಪ್ಪದೆ! ಅದು ಕಿಟಾರನೆ ಕಿರುಚುತ್ತಿತ್ತು, ಇವಳು ಬಿಡುತ್ತಿರಲಿಲ್ಲ."

ಕಿರುಚುತ್ತಿತ್ತು ಅಂದದ್ದನ್ನು ಕೇಳುವ ವ್ಯವಧಾನ ಯಾರಿಗಿತ್ತು? ದೊರೆಗಳು ಎದೆ ಹಿಡಿದುಕೊಂಡಿದ್ದರು. "ಶೇಠರೇ, ಈಗ ಅದರ ಬೆಲೆ ಎಷ್ಟು? ಹೇಳಿಬಿಡಿ!"

ಶೇಠರು ಗಂಟಲು ಸರಿಮಾಡಿಕೊಂಡರು. "ಅಷ್ಟೊಂದು ಉಜ್ಜಿದ ಮೇಲೆ ಬೆಲೆ ಎಲ್ಲಿಂದ ಬಂತು ಮಹಾರಾಜರೇ? ಮೂರು ಕಾಸಿಗೆ ಬಾಳೋದಿಲ್ಲ. ಕುಲುಮೆಗೆ ಹಾಕಿಸಿ."

"ಪ್ರಭುಗಳೂ ಈ ಮಾತು ಒಪ್ಪುತ್ತೀರಾ?" ಅಂದ ಹುಚ್ಚೂರಾಯ.

"ನೂರು ಸಲ ಒಪ್ಪುತ್ತೇನೆ! ಉಜ್ಜಿದ್ದಕ್ಕೆ ಬೆಲೆಯಿಲ್ಲ. ಎಲ್ಲಿದೆ ಅದು? ತಾ ಇಲ್ಲಿ!"

"ತರೋಕೆ ನನ್ನಿಂದಾಗಲ್ಲ, ಪ್ರಭೂ. ಎಂಟು ಮಣ ತೂಕ ಇದೆ." ಹುಚ್ಚೂರಾಯ ಕೈ ಮುಗಿದ. "ಅದು ಸಿಂಹಾಸನದ ಮೇಲೆ ಕೂತಿದೆ. ಹೆತ್ತ ತಾಯಿ ತೀರಿಕೊಂಡ ದಿನದಿಂದ ಈ ತಿಮ್ಮವ್ವನೇ ಕಾಲ ಮೇಲೆ ಹಾಕಿಕೊಂಡು ಉಜ್ಜಿದ್ದು. ನಿನ್ನೆ ಚತುರ್ದಶಿ ಸ್ನಾನಕ್ಕೂ ಇವಳೇ ಎಣ್ಣೆ ಹಚ್ಚಿದಳು. ತಲೆ ಇನ್ನೂ ಸೀಗೆಪುಡಿ ವಾಸನೆ ಹೊಡೀತಿದೆ. ಕುಲುಮೆಗೆ ಯಾವಾಗ ಬೆಂಕಿ ಹಾಕಿಸಲಿ?"

ಶೇಠರು ಕಂಬದ ಮರೆ ಹುಡುಕತೊಡಗಿದರು. ದೊರೆಗಳ ಕೈ ತಾನಾಗಿ ತಲೆಗೆ ಹೋಯಿತು, ಕೂದಲು ಮುಟ್ಟಿತು, ಬೆರಳು ಮೂಗಿಗೆ ಬಂತು. ಸೀಗೆಪುಡಿಯೇ!

ಮೊದಲು ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಸಿಂಹಾಸನ. ದೊರೆಗಳು ಬಿದ್ದು ಬಿದ್ದು ನಕ್ಕರು. ನಕ್ಕೂ ನಕ್ಕೂ ಕೆಳಗಿಳಿದು ಬಂದು ಮುದುಕಿಯ ಎರಡೂ ಕೈ ಹಿಡಿದುಕೊಂಡರು. ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂದಿತ್ತು.

"ತಿಮ್ಮವ್ವಾ, ತಪ್ಪಾಯ್ತು ಕಣವ್ವಾ. ನೀನು ಎಲ್ಲಿಗೂ ಹೋಗಬೇಡ. ಹುಚ್ಚೂರಾಯ, ಆ ಡಾಲರು ನಿನಗೇ ಇರಲಿ. ಬೆಲೆ ಕಳಕೊಂಡ ನಾನು ಬೆಲೆ ಕಳಕೊಂಡದ್ದನ್ನ ಕೊಡ್ತಿದ್ದೀನಿ."

ತಿಮ್ಮವ್ವನ ಗಮನ ಮಾತಿನ ಮೇಲಿರಲಿಲ್ಲ. ಹತ್ತಿರ ಬಂದ ದೊರೆಯ ಕಿವಿ ಹಿಡಿದು ಮಡಚಿ ನೋಡುತ್ತಿದ್ದಳು.

"ಅಯ್ಯ ನನ್ನ ಮಲ್ಲೂ! ಕಿವಿ ಹಿಂದೆ ನೋಡು ಹೇಗೆ ಮಣ್ಣು ಕೂತಿದೆ. ನಿನ್ನೆ ಅವಸರದಲ್ಲಿ ಬಿಟ್ಟುಹೋಯ್ತು. ಬಾ, ಒಂದು ಸಲ ತಿಕ್ಕಿಬಿಡ್ತೀನಿ."

ದೊರೆಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಓಡಿದರು. "ಬೇಡವ್ವಾ, ಬೇಡ! ನನಗೆ ಉಳಿದಿರೋ ಬೆಲೆಯೆಲ್ಲ ಅಲ್ಲೇ ಇರೋದು!"